ಚಕ್ರದ ಮೊಳೆ ಬರೆದ ಕಮಾನು

ಉರುಳುವ ಬಂಡಿಯ ಚಕ್ರದ ಅಂಚಿಗೆ ಒಂದು ಮೊಳೆ ಹೊಡೆದಿದೆಯೆಂದು ಭಾವಿಸಿ. ಚಕ್ರವು ಒಂದು ಸುತ್ತು ಉರುಳುವಷ್ಟರಲ್ಲಿ ಆ ಮೊಳೆ ನೆಲದಿಂದ ಮೇಲೆದ್ದು ಮತ್ತೆ ನೆಲವನ್ನು ಮುಟ್ಟುತ್ತದೆ. ನಡುವೆ ಗಾಳಿಯಲ್ಲಿ ಒಂದು ಕಮಾನನ್ನು ಬರೆಯುತ್ತದೆ. ಇದಕ್ಕೆ ಸೈಕ್ಲಾಯ್ಡ್ ಎಂದು ಹೆಸರಿಟ್ಟವನು ಗೆಲಿಲಿಯೋ. ಕಮಾನಿನ ಅಡಿಯ ವಿಸ್ತೀರ್ಣವೆಷ್ಟೆಂದು ತಿಳಿಯಲು ಅವನು ಆ ಆಕಾರವನ್ನೂ ಚಕ್ರದ ಆಕಾರವನ್ನೂ ಕತ್ತರಿಸಿ ತೂಗಿ ನೋಡಿದ. ಹೆಚ್ಚು ಕಡಿಮೆ ಮೂರು ಪಟ್ಟು ಬಂತು. ಆದರೆ ಅದು ಸರಿಯಾಗಿ ಮೂರಿರಲಾರದೆಂಬ ಶಂಕೆ ಅವನನ್ನು ಬಿಡಲಿಲ್ಲ.

ಅಧ್ಯಾಪಕನಾಗಿದ್ದ ಕಾಲದಲ್ಲಿ ನಾನೂ ಬಡಗಿಯೊಬ್ಬರಿಂದ ಪ್ಲೈವುಡ್ಡಿನ ಒಂದು ಕಮಾನನ್ನೂ ಮೂರು ಬಿಲ್ಲೆಗಳನ್ನೂ ಕೊಯ್ಯಿಸಿ, ವಿದ್ಯಾರ್ಥಿಗಳೊಡನೆ ದಿನಸಿ ಅಂಗಡಿಗೆ ಹೋಗಿ ತೂಗಿಸಿದ್ದುಂಟು. ಮುಳ್ಳು ಕೂದಲೆಳೆಯಷ್ಟು ವಾಲಿತು. "ಗೆಲಿಲಿಯೋ ಹೇಳಿದ್ದೇ ಸರಿ ಸಾರ್" ಎಂದ ಒಬ್ಬ ಹುಡುಗ.

ಸರಿಯಲ್ಲವೆಂದು 1630ರ ದಶಕದಲ್ಲಿಯೇ ತೋರಿಸಿದವನು ಪ್ಯಾರಿಸ್ಸಿನ ರೋಬರ್ವಾಲ್. ಮೆರ್ಸೆನ್ ಎಂಬ ಪಾದ್ರಿ ಈ ಪ್ರಶ್ನೆಯನ್ನು ಅವನ ಮುಂದಿಟ್ಟಿದ್ದ. ರೋಬರ್ವಾಲನು ಅರ್ಧ ಕಮಾನಿನ ಸುತ್ತ ಒಂದು ಆಯತವನ್ನು ರಚಿಸಿದ. ಅದರ ವಿಸ್ತೀರ್ಣ ಚಕ್ರದ ಎರಡರಷ್ಟು. ಆಯತದೊಳಗೆ ಮತ್ತೊಂದು ವಕ್ರರೇಖೆಯನ್ನೆಳೆದ. ಇಂದು ನಾವು ಸೈನ್ ರೇಖೆಯೆನ್ನುವ ಜಾತಿಯದು ಅದು, ಆಯತವನ್ನು ಸರಿಸಮವಾಗಿ ಸೀಳುತ್ತದೆ. ಆದ್ದರಿಂದ ಅದರ ಕೆಳಗಿರುವುದು ಒಂದು ಚಕ್ರದಷ್ಟು ಜಾಗ. ಇನ್ನುಳಿದದ್ದು ಆ ರೇಖೆಗೂ ಸೈಕ್ಲಾಯ್ಡಿಗೂ ನಡುವೆ ಇರುವ, ಎಲೆಯಂತಹ ತುಣುಕು. ಅದನ್ನು ಅತಿ ತೆಳುವಾದ ಅಡ್ಡಗೆರೆಗಳಾಗಿ ಕಲ್ಪಿಸಿಕೊಂಡರೆ, ಪ್ರತಿಯೊಂದು ಗೆರೆಯೂ ಅದೇ ಎತ್ತರದಲ್ಲಿ ಅರ್ಧವೃತ್ತದಲ್ಲಿರುವ ಗೆರೆಯಷ್ಟೇ ಉದ್ದ. ಅಂದರೆ ಎಲೆಯ ವಿಸ್ತೀರ್ಣ ಅರ್ಧ ಚಕ್ರ. ಒಟ್ಟು ಒಂದೂವರೆ, ಪೂರ್ಣ ಕಮಾನಿಗೆ ಮೂರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ!

ಇಷ್ಟು ಸೊಗಸಾದುದನ್ನು ಅವನು ಅಚ್ಚು ಹಾಕಿಸಲಿಲ್ಲ. ಅವನ ಪೀಠಕ್ಕೆ ಮೂರು ವರ್ಷಕ್ಕೊಮ್ಮೆ ಬಹಿರಂಗ ಸ್ಪರ್ಧೆ ನಡೆಯುತ್ತಿತ್ತು, ಪ್ರಶ್ನೆಗಳನ್ನು ಕೊಡುವವನು ಪೀಠದಲ್ಲಿದ್ದವನೇ. ಗುಟ್ಟು ಬಯಲಾದರೆ ಅನ್ನಕ್ಕೇ ಕುತ್ತು. 1634ರಿಂದ 1675ರಲ್ಲಿ ತೀರಿಕೊಳ್ಳುವವರೆಗೂ ಪೀಠ ಅವನದಾಗಿಯೇ ಉಳಿಯಿತು. ಆದರೆ 1644ರಲ್ಲಿ ಇಟಲಿಯ ಟೊರಿಸೆಲ್ಲಿ ತಾನೇ ಕಂಡುಕೊಂಡ ಸಾಧನೆಯನ್ನು ಪ್ರಕಟಿಸಿಬಿಟ್ಟ. ರೋಬರ್ವಾಲನು ಕೃತಿಚೌರ್ಯದ ಆರೋಪ ಹೊರಿಸಿದ. ಜಗಳ ತಣಿಯುವ ಮೊದಲೇ, 1647ರಲ್ಲಿ, ಟೊರಿಸೆಲ್ಲಿ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಆರೋಪ ಅನ್ಯಾಯವೆಂದೇ ನನ್ನ ಭಾವನೆ. ಆದರೂ ರೋಬರ್ವಾಲನನ್ನು ಕಟುವಾಗಿ ದೂಷಿಸಲು ನನಗೆ ನಾಲಗೆ ಏಳದು. ಹೊಸದಾಗಿ ಕೆಲಸಕ್ಕೆ ಸೇರಿದಾಗ, ಶ್ರಮಪಟ್ಟು ಬರೆದಿಟ್ಟ ಟಿಪ್ಪಣಿಗಳನ್ನು ಸಹೋದ್ಯೋಗಿಯೊಬ್ಬರು ಕೇಳಿದಾಗ "ಮನೆಯಲ್ಲಿವೆ" ಎಂದು ಸುಳ್ಳಾಡಿದವನು ನಾನು. ಅವು ನನ್ನ ಚೀಲದಲ್ಲಿಯೇ ಇದ್ದವು.

1686ರಲ್ಲಿ ಲೈಬ್ನಿಟ್ಸನು ಅನುಕಲನದ ಚಿಹ್ನೆಯನ್ನು ಅಚ್ಚಿನಲ್ಲಿ ಬಳಸಿದ. ಇಂದು ಇದೇ ಲೆಕ್ಕ ಕರಿಹಲಗೆಯ ಮೇಲೆ ನಾಲ್ಕು ಸಾಲಿನ ಕೆಲಸ.

ಅಂದು ನಾವು ತೂಗಿದ್ದು ಅಂಗಡಿಯ ಮೇಜಿನ ಮೇಲಿದ್ದ, ತಟ್ಟೆಗಳು ದಂಡಿಗೆಯ ಮೇಲೆ ಕೂರುವ ತಕ್ಕಡಿಯಲ್ಲಿ. ತಟ್ಟೆಯ ಯಾವ ಮೂಲೆಯಲ್ಲಿ ಸಾಮಾನಿಟ್ಟರೂ ತೂಕ ಕೆಡದ ಆ ರಚನೆಯನ್ನು 1669ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟವನು ಇದೇ ರೋಬರ್ವಾಲ್. ನನಗದು ತಿಳಿದದ್ದು ನಿವೃತ್ತನಾದ ಮೇಲೆ. ಆ ಹುಡುಗನಿಗೆ ಹೇಳಲಾಗಲಿಲ್ಲ.