ಸರ್ಪಗಂಧದ ಬೇರು ಮತ್ತು 1931

ನಮ್ಮ ವೈದ್ಯಕ್ಕೆ ಶತಮಾನಗಳ ಅನುಭವವಿದೆ, ಅದಕ್ಕೆ ಪ್ರಯೋಗಶಾಲೆಯ ಮುದ್ರೆ ಯಾಕೆ ಬೇಕು ಎಂದು ಕೇಳುವವರು ಸರ್ಪಗಂಧವನ್ನು ಮುಂದಿಡುವುದುಂಟು. ಪಶ್ಚಿಮಘಟ್ಟದ ಕಾಡಿನಲ್ಲೂ ಬೆಳೆಯುವ ಈ ಪುಟ್ಟ ಗಿಡದ ಬೇರಿನಿಂದಲೇ ರಕ್ತದೊತ್ತಡದ ಮಾತ್ರೆ ಬಂದದ್ದು ನಿಜ. ಆದರೆ ಬೇರಿನ ಚರಿತ್ರೆಯನ್ನು, ಅದರಲ್ಲೂ 1931ರ ಒಂದೇ ವರ್ಷವನ್ನು ನೋಡಿದರೆ ಅದು ಅವರ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಪರಂಪರೆ ಕೊಟ್ಟದ್ದು ಸುಳಿವುಗಳನ್ನು. ಅವುಗಳಲ್ಲಿ ದಿಟ ಯಾವುದು, ಹುಸಿ ಯಾವುದು ಎಂದು ಸೋಸಿದ್ದು ಅಳತೆ.

ಈ ಬೇರಿನ ಬಗ್ಗೆ ಎರಡು ಹಳೆಯ ನಂಬಿಕೆಗಳಿದ್ದವು. ಒಂದು, ಅದು ಹಾವಿನ ವಿಷವನ್ನು ಇಳಿಸುತ್ತದೆ. ಮುಂಗುಸಿ ನಾಗರದೊಡನೆ ಕಾದುವ ಮುನ್ನ ಇದನ್ನೇ ತಿನ್ನುತ್ತದೆ ಎಂಬ ಕಥೆಯೂ ಜೊತೆಗಿತ್ತು. ಇನ್ನೊಂದು, ಅದು ಹುಚ್ಚನ್ನು ತಣಿಸುತ್ತದೆ. ಎರಡಕ್ಕೂ ಪ್ರಾಚೀನತೆಯ ಬಲ ಒಂದೇ. 1931ರಲ್ಲಿ ಮ್ಹಸ್ಕರ್ ಮತ್ತು ಕೇಯಸ್ ಹಾವು ಕಡಿತಕ್ಕೆ ಮದ್ದೆಂದು ಹೆಸರಾಗಿದ್ದ 300ಕ್ಕೂ ಹೆಚ್ಚು ಭಾರತೀಯ ಗಿಡಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದ ವರದಿ ಪ್ರಕಟಿಸಿದರು. ವಿಷವನ್ನು ಎದುರಿಸುವ ಗಿಡ ಒಂದೂ ಸಿಗಲಿಲ್ಲ. ಅದೇ ವರ್ಷ ಕಲ್ಕತ್ತೆಯಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಸರ್ಪಗಂಧದ ಪುಡಿಯನ್ನು ರೋಗಿಗಳಿಗೆ ಕೊಟ್ಟು, ಉನ್ಮಾದ ತಗ್ಗುವುದನ್ನೂ ರಕ್ತದೊತ್ತಡ ಇಳಿಯುವುದನ್ನೂ ವರದಿ ಮಾಡಿದರು. ಒಂದು ನಂಬಿಕೆ ಬಿತ್ತು, ಇನ್ನೊಂದು ನಿಂತಿತು. ಬರೀ ಹಳತು ಎಂಬುದನ್ನೇ ಪ್ರಮಾಣ ಮಾಡಿಕೊಂಡಿದ್ದರೆ ಇವೆರಡನ್ನು ಬೇರೆ ಮಾಡಲು ದಾರಿಯೇ ಇರಲಿಲ್ಲ.

ರಕ್ತದೊತ್ತಡದ ಮಾತನ್ನಂತೂ ಪರಂಪರೆಯ ಲೆಕ್ಕಕ್ಕೆ ಬರೆಯುವುದೇ ಕಷ್ಟ. ಒತ್ತಡ ಅಳೆಯುವ ರೀವಾ-ರೋಚ್ಚಿಯ ತೋಳುಪಟ್ಟಿ ಬಂದದ್ದು 1896ರಲ್ಲಿ. ಹೊರಗೆ ಏನೂ ತೋರಗೊಡದೆ ಒಳಗೇ ಏರುವ ಒತ್ತಡ ಒಂದು ಕಾಯಿಲೆಯಾಗಿ ಕಂಡದ್ದು ಅಳೆಯುವ ಸಾಧನ ಕೈಗೆ ಬಂದ ಮೇಲೆಯೇ. ಹಳೆಯ ವೈದ್ಯರ ಜಾಣ್ಮೆಗೆ ಇದರಿಂದ ಕುಂದಿಲ್ಲ. ಅವರ ಮುಂದೆ ಆ ಪ್ರಶ್ನೆಯೇ ಇರಲಿಲ್ಲ. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ 50 ರೋಗಿಗಳ ಒತ್ತಡದ ಅಂಕಿಗಳನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದಾಗಲೇ ಹೊರಜಗತ್ತು ತಿರುಗಿ ನೋಡಿದ್ದು.

ಪ್ರಯೋಗಶಾಲೆ ಬೇರನ್ನು ಒಡೆದು ಅದರ ಸತ್ವವನ್ನೇ ಕಳೆಯುತ್ತದೆ ಎಂಬ ಆಕ್ಷೇಪವಿದೆ. ಇದು ತಳ್ಳಿಹಾಕುವ ಮಾತಲ್ಲ. ಮತ್ತೆ 1931ರಲ್ಲೇ, ದೆಹಲಿಯ ಟಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಬೇರಿನಿಂದ ಐದು ಆಲ್ಕಲಾಯ್ಡ್‌ಗಳನ್ನು ಹರಳಾಗಿ ಬೇರ್ಪಡಿಸಿದರು. ಕೆಲವಕ್ಕೆ ಆ ಕಾಲೇಜಿನ ಸ್ಥಾಪಕ ಹಕೀಂ ಅಜ್ಮಲ್ ಖಾನರ ಹೆಸರನ್ನೇ ಇಟ್ಟರು. ಆದರೆ ಬೇರು ತರುವ ಶಮನಕ್ಕೆ ಆ ಐದರಲ್ಲಿ ಯಾವುದೂ ವಿವರಣೆಯಾಗಲಿಲ್ಲ. ಪುಡಿ ಮಾಡುತ್ತಿದ್ದ ಕೆಲಸವನ್ನು ಹರಳು ಮಾಡಲಿಲ್ಲ! ಆಕ್ಷೇಪಿಸುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಸಂಶೋಧಕರು ನಿಲ್ಲಿಸಲಿಲ್ಲ. ಹರಳು ತೆಗೆದ ಮೇಲೆ ಉಳಿದ ರಾಳದಂಥ ಭಾಗದಲ್ಲೇ ಶಕ್ತಿ ಇದೆಯೆಂಬ ಜಾಡು ಹಿಡಿದು, 1952ರಲ್ಲಿ ಬಾಸೆಲ್‌ನ ಸೀಬಾ ಕಂಪನಿಯವರು ರೆಸರ್ಪೀನ್ ತೆಗೆದರು. ಬೇರಿನ ಗುಣ ಮಣ್ಣಿಗೂ ಋತುವಿಗೂ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಮಾತ್ರೆಯ ನಿಗದಿತ ಪ್ರಮಾಣವನ್ನು ಪುಡಿಯಿಂದ ನಿರೀಕ್ಷಿಸುವಂತಿಲ್ಲ.

ಕೀರ್ತಿ, ಲಾಭ ಎರಡೂ ಬಾಸೆಲ್‌ಗೆ ಹೋದವು ಎಂಬ ದೂರು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ: 1957ರ ಲಾಸ್ಕರ್ ಪ್ರಶಸ್ತಿ ಪಡೆದವರಲ್ಲಿ ವಕೀಲ್ ಇದ್ದರು. ಔಷಧಕ್ಕೆ ಖಚಿತ ತೀರ್ಪು ಸಿಕ್ಕಿದ್ದು 1967ರಲ್ಲಿ, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ. ತೀವ್ರ ಒತ್ತಡವಿದ್ದ 143 ಗಂಡಸರಲ್ಲಿ 73 ಮಂದಿಗೆ ರೆಸರ್ಪೀನ್ ಸೇರಿದ ಔಷಧಗಳನ್ನು, 70 ಮಂದಿಗೆ ಹುಸಿಮಾತ್ರೆಯನ್ನು ಕೊಟ್ಟರು. ಹುಸಿಮಾತ್ರೆಯವರಲ್ಲಿ 27 ಮಂದಿ ಗಂಭೀರ ತೊಂದರೆಗೆ ಸಿಲುಕಿದರೆ, ಔಷಧ ಪಡೆದವರಲ್ಲಿ ಇಬ್ಬರು. ದೆಹಲಿಯ ಹರಳುಗಳೂ ವ್ಯರ್ಥವಾಗಲಿಲ್ಲ. ಅವುಗಳಲ್ಲೊಂದಾದ ಅಜ್ಮಲೀನನ್ನು ಯುರೋಪಿನ ಹೃದಯತಜ್ಞರು ಬ್ರುಗಾಡ ಎಂಬ ಹೃದಯಲಯದ ಕಾಯಿಲೆಯನ್ನು ಪತ್ತೆ ಮಾಡಲು ಇಂದಿಗೂ ರೋಗಿಯ ರಕ್ತನಾಳಕ್ಕೆ ಚುಚ್ಚುತ್ತಾರೆ.