ಹಳೇ ಮಾರುತಿ 800, ಓಮ್ನಿ ಎಂಜಿನ್: ಓಡಿ ಕೆಡೋದು ಕಡಿಮೆ, ಕಾದು ಕೆಡೋದೇ ಜಾಸ್ತಿ

ಸಮೇತನಹಳ್ಳಿ: ಹೊಸಕೋಟೆ ಕಡೆಯಿಂದ ದಿನಸಿ, ತರಕಾರಿ ತುಂಬಿಕೊಂಡು ಬರುವ ಓಮ್ನಿಗಳು, ಮನೆ ಮುಂದೆ ಟಾರ್ಪಾಲ್ ಹೊದ್ದು ನಿಂತ ಮಾರುತಿ 800ಗಳು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಕಾಣಸಿಗುತ್ತವೆ. ನೋಡೋಕೆ ಎರಡೂ ಬೇರೆ ಬೇರೆ ಗಾಡಿ, ಆದರೆ ಒಳಗಿರೋ ಎಂಜಿನ್ ಒಂದೇ ಮನೆತನದ್ದು. ಸುಜುಕಿಯ 'ಎಫ್8ಬಿ'. ಈಗ ಇವುಗಳಲ್ಲಿ ಬಹುತೇಕ ಗಾಡಿಗಳು 15 ವರ್ಷ ದಾಟಿವೆ. ಎಫ್‌ಸಿ ಮಾಡಿಸಿ ಇಟ್ಟುಕೊಳ್ಳೋದಾ, ಗುಜರಿಗೆ ಹಾಕೋದಾ ಎಂಬ ಲೆಕ್ಕಾಚಾರಕ್ಕೆ ಮೊದಲು ಎಂಜಿನ್ ಗುಣ ತಿಳಿದಿರಬೇಕು.

ಮಾರುತಿ 800ರ ಮೊದಲ ಕಾರಿನ ಕೀಲಿಯನ್ನು ಪ್ರಧಾನಿ ಇಂದಿರಾ ಗಾಂಧಿ ಹಸ್ತಾಂತರಿಸಿದ್ದು 1983ರ ಡಿಸೆಂಬರ್ 14ರಂದು. ಭಾರತ್ ಸ್ಟೇಜ್ 4 ನಿಯಮ ಬಂದ ಕಾರಣ 2010ರ ಏಪ್ರಿಲ್‌ನಿಂದ ಬೆಂಗಳೂರು ಸೇರಿ ದೊಡ್ಡ ನಗರಗಳಲ್ಲಿ ಇದರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೇ ಮುಗಿಯಿತು. ಓಮ್ನಿ ಮಾತ್ರ 2019ರವರೆಗೂ ಬಂತು.

ಎಂಜಿನ್ 796 ಸಿಸಿ, ಮೂರು ಸಿಲಿಂಡರ್, ಆರು ವಾಲ್ವ್. ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಅಂದರೆ ಒಂದೊಂದು ಸಿಲಿಂಡರ್ 265 ಸಿಸಿ ಚಿಲ್ಲರೆ, ಹಳೇ ಬುಲೆಟ್‌ನ ಒಂದು ಸಿಲಿಂಡರ್‌ಗಿಂತ ಚಿಕ್ಕದು! ಶಕ್ತಿ 5,000 ಆರ್‌ಪಿಎಂನಲ್ಲಿ ಸುಮಾರು 35ರಿಂದ 37 ಬಿಎಚ್‌ಪಿ. ಎಳೆತದ ಬಲ 59 ನ್ಯೂಟನ್ ಮೀಟರ್ ಆಸುಪಾಸು, ಅದೂ 2,500 ಆರ್‌ಪಿಎಂಗೇ ಸಿಗುತ್ತದೆ. ನಾಲ್ಕು ಮೂಟೆ ಹಾಕಿದ ಓಮ್ನಿ ಗಲ್ಲಿಯಲ್ಲಿ ಗೊಣಗದೆ ಹೋಗೋದು ಇದೇ ಕಾರಣಕ್ಕೆ. ಮೊದಲು ಕಾರ್ಬುರೇಟರ್ ಇತ್ತು, 2000ದ ಆಸುಪಾಸಿನಲ್ಲಿ ಎಂಪಿಎಫ್‌ಐ ಬಂತು. ನಡುವೆ ಕೆಲ ವರ್ಷ 12 ವಾಲ್ವ್, ಐದು ಗೇರಿನ 800 ಕೂಡ ಬಂದಿತ್ತು, ಸುಮಾರು 45 ಬಿಎಚ್‌ಪಿಯದ್ದು. ಬಿಡಿಭಾಗ ತರುವಾಗ ಅದೂ ಇದೂ ಒಂದೇ ಅಂದುಕೊಂಡರೆ ಎರಡು ಸಲ ಅಂಗಡಿಗೆ ಓಡಾಡಬೇಕಾಗುತ್ತದೆ.

ನಿಂತಲ್ಲಿ ಗಾಡಿ ಗಡಗಡ ನಡುಗೋದು ಮೂರು ಸಿಲಿಂಡರ್ ಎಂಜಿನ್‌ನ ಹುಟ್ಟುಗುಣ, ಅದಕ್ಕೆ ಹೆದರಬೇಕಿಲ್ಲ. ನಡುಕ ದಿಢೀರ್ ಜಾಸ್ತಿಯಾದರೆ ಒಂದು ಪ್ಲಗ್ ಹೋಗಿದೆ, ಇಲ್ಲವೇ ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿದೆ ಎಂದು ನೋಡಿಸಬೇಕು. ಇರೋದೇ ಮೂರು ಸಿಲಿಂಡರ್, ಒಂದು ಕೈಕೊಟ್ಟರೆ ಮೂರನೇ ಒಂದು ಪಾಲು ಶಕ್ತಿ ಹೋದಂತೆ.

ಇನ್ನು ಅಸಲಿ ವಿಷಯಕ್ಕೆ ಬರೋಣ. ಈ ಎಂಜಿನ್‌ನ ಬ್ಲಾಕ್ ಎರಕದ ಕಬ್ಬಿಣ, ಮೇಲಿನ ಹೆಡ್ ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಒಮ್ಮೆ ಮಿತಿಮೀರಿ ಕಾದರೆ ಹೆಡ್ ಬಾಗುತ್ತದೆ, ನಡುವಿನ ಗ್ಯಾಸ್ಕೆಟ್ ಹೋಗುತ್ತದೆ, ತಂಪು ಮಾಡೋ ನೀರು ಆಯಿಲ್‌ಗೆ ಸೇರುತ್ತದೆ. ಲಕ್ಷಾಂತರ ಕಿ.ಮೀ. ಓಡಬಲ್ಲ ಎಂಜಿನ್ ಅರ್ಧ ಗಂಟೆಯ ಟ್ರಾಫಿಕ್‌ನಲ್ಲಿ ಮುಗಿದುಹೋಗೋದು ಹೀಗೆ.

ನಮ್ಮ ಕಡೆ ಇದಕ್ಕೆ ದಾರಿ ಮಾಡಿಕೊಡೋದು ಬೋರ್‌ವೆಲ್ ನೀರು. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟೋದನ್ನು ಎಲ್ಲರೂ ನೋಡಿದ್ದಾರೆ. ಅದೇ ನೀರನ್ನು ರೇಡಿಯೇಟರ್‌ಗೆ ಸುರಿದರೆ ಸಣ್ಣ ಕೊಳವೆಗಳ ಒಳಗೂ ಅದೇ ಪೊರೆ. ಕೂಲೆಂಟ್ ಹಾಕಿಸಿದವರೂ ಕಡಿಮೆಯಾದಾಗ 'ಸ್ವಲ್ಪ ತಾನೇ' ಅಂತ ನಲ್ಲಿ ನೀರು ಬೆರೆಸುತ್ತಾರೆ. ಕೂಲೆಂಟನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಜೊತೆಗೇ ಬೆರೆಸಬೇಕು. ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಊರಿನ ಶುದ್ಧ ನೀರಿನ ಘಟಕದ ನೀರು ವಾಸಿ. ಎಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆಯಬಾರದು, ಮುಖಕ್ಕೇ ಹಬೆ ಹಾರುತ್ತದೆ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಸೀಟು ಎತ್ತಿ ನೋಡೋ ಸೋಮಾರಿತನಕ್ಕೇ ಎಷ್ಟೋ ಹೆಡ್‌ಗಳು ಹೋಗಿವೆ.

ಎಂಜಿನ್ ಕಾಯುತ್ತದೆ ಅಂದ ಕೂಡಲೇ ಥರ್ಮೋಸ್ಟಾಟ್ ಕಿತ್ತೆಸೆಯುವುದು ಗ್ಯಾರೇಜ್‌ಗಳ ಹಳೇ ವೈದ್ಯ. ಅದಿಲ್ಲದಿದ್ದರೆ ಎಂಜಿನ್ ಬೇಗ ಬಿಸಿಯೇರದು. ಚಳಿಗಾಲದ ಬೆಳಿಗ್ಗೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಹೆಚ್ಚಾದ ಪೆಟ್ರೋಲ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಮೊದಲು ಫ್ಯಾನ್ ತಿರುಗುತ್ತಿದೆಯಾ, ಅದರ ಸ್ವಿಚ್ ಸರಿಯಿದೆಯಾ ನೋಡಿಸಿ.

ಟೈಮಿಂಗ್ ಬೆಲ್ಟ್ ರಬ್ಬರಿನದು, ಹರಿಯುವ ಮುನ್ಸೂಚನೆ ಕೊಡಲ್ಲ. 80 ಸಾವಿರದಿಂದ ಒಂದು ಲಕ್ಷ ಕಿ.ಮೀ. ಒಳಗೆ ಬದಲಿಸಬೇಕು. ಕಡಿಮೆ ಓಡಿದ ಗಾಡಿಯಾದರೂ ವರ್ಷ ಕಳೆದಂತೆ ರಬ್ಬರ್ ಒಣಗುತ್ತದೆ. ಸೆಕೆಂಡ್ ಹ್ಯಾಂಡ್ ತಗೊಂಡವರು ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲದಿದ್ದರೆ ಹೊಸದು ಹಾಕಿಸಿಬಿಡೋದೇ ಕ್ಷೇಮ.

ಈಗಿನ ಹೊಸ ತಲೆನೋವು ಇ20, ಅಂದರೆ 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಈ ಎಂಜಿನ್ ತಯಾರಾದಾಗ ಅದರ ಲೆಕ್ಕವೇ ಇರಲಿಲ್ಲ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಬೀಳುತ್ತದೆ. ಹಳೇ ರಬ್ಬರ್ ಪೈಪು, ಕಾರ್ಬುರೇಟರ್ ವಾಷರ್‌ಗಳಿಗೂ ಅದು ಆಗಿಬರಲ್ಲ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿಗೆ ಇದೇ ದೊಡ್ಡ ಕಾಟ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಆಫ್ ಮಾಡೋ ಬದಲು ನಾಲ್ಕೈದು ಕಿ.ಮೀ. ಓಡಿಸಿ ಬನ್ನಿ. ಪೆಟ್ರೋಲ್ ವಾಸನೆ ಬಂದರೆ ಅವತ್ತೇ ಪೈಪ್ ಬದಲಿಸಿ, ಓಮ್ನಿಯಲ್ಲಂತೂ ನಾಳೆಗೆ ಬಿಡಬೇಡಿ.

ದಾಖಲೆ ವಿಚಾರದಲ್ಲಿ ಊರಲ್ಲಿ ಗಾಳಿಮಾತು ಜಾಸ್ತಿ. 15 ವರ್ಷ ದಾಟಿದ ಪೆಟ್ರೋಲ್ ಕಾರು ರಸ್ತೆಗೆ ಇಳಿಯಬಾರದು ಎಂಬ ಸುದ್ದಿ ದೆಹಲಿ ಸುತ್ತಮುತ್ತಲಿನದು. ಇಲ್ಲಿ ಸ್ವಂತ ಬಳಕೆಯ ಕಾರು ತಪಾಸಣೆಯಲ್ಲಿ ಪಾಸಾದರೆ ಐದು ವರ್ಷಕ್ಕೆ ಆರ್‌ಸಿ ನವೀಕರಣ ಆಗುತ್ತದೆ. ಖರ್ಚು ಏರಿರೋದು ನಿಜ: 600 ರೂ. ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂ. ಆಯಿತು. 2025ರ ಆಗಸ್ಟ್‌ನ ಕೇಂದ್ರದ ಅಧಿಸೂಚನೆಯಂತೆ 20 ವರ್ಷ ದಾಟಿದ ಕಾರಿಗೆ 10,000 ರೂ. ಯೆಲ್ಲೋ ಬೋರ್ಡ್ ಓಮ್ನಿಗಳಿಗೆ ಪ್ರತಿ ವರ್ಷ ಎಫ್‌ಸಿ ಬೇಕು.

ಆ ದುಡ್ಡು ಕಟ್ಟುವ ಮುಂಚೆ ಬೆಳಿಗ್ಗೆ ತಣ್ಣಗಿರುವ ಎಂಜಿನ್‌ನ ಆಯಿಲ್ ಮುಚ್ಚಳ ತೆಗೆದು ನೋಡಿ. ಒಳಗೆ ಹಾಲು ಬೆರೆತ ಚಹಾದಂಥ ಬಣ್ಣ ಕಂಡರೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಇದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದರೆ ಅದೇ ಅನುಮಾನ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ, ರಿಂಗು ಅಥವಾ ವಾಲ್ವ್ ಸೀಲ್ ಕೆಲಸ. ಕಪ್ಪು ಹೊಗೆಗೆ ಅಷ್ಟು ಚಿಂತೆ ಬೇಡ. ಕಾರ್ಬುರೇಟರ್ ಗಾಡಿಯಾದರೆ ಎಳೆದ ಚೋಕ್ ಒಳಗೆ ತಳ್ಳಿದ್ದೀರಾ ಅಂತ ಮೊದಲು ನೋಡಿಕೊಳ್ಳಿ.