ಪರೇಲಿನ ಫ್ರೆಂಚ್ ಹೆಸರುಗಳು: ಅಕ್ಷರವಿಭಾಗ ಮತ್ತು ಆಘಾತ

ಮುಂಬಯಿಯ ಪರೇಲಿನ ಹಾಫ್‌ಕಿನ್ ಸಂಸ್ಥೆಯ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಹೊರಟವರಿಗೆ ಫ್ರೆಂಚ್ ಹೆಸರುಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದ ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಪ್ಲೇಗ್ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. 1899ರಲ್ಲಿ ಅವರ ಪ್ರಯೋಗಾಲಯ ಪರೇಲಿನ ಹಳೆಯ ಸರ್ಕಾರಿ ಭವನಕ್ಕೆ ಬಂತು. 1925ರಲ್ಲಿ ಅದು ಅವರ ಹೆಸರು ಪಡೆಯಿತು. ಪ್ಲೇಗಿನ ದಿನಗಳಲ್ಲಿ ಅದೇ ಪಾಶ್ಚರ್ ಬಳಗದ ಯೆರ್ಸಿನ್, ಸಿಮೋಂ ಕೂಡ ಮುಂಬಯಿಗೆ ಬಂದಿದ್ದರು.

ಈ ಫ್ರೆಂಚ್ ಪದಗಳನ್ನು ಅಕ್ಷರಗಳಾಗಿ ಒಡೆಯುವಾಗ ನಮ್ಮ ಲಿಪಿ ಒಂದು ಹೇಳುತ್ತದೆ, ನಮ್ಮ ಛಂದಸ್ಸು ಇನ್ನೊಂದು. 'ಪಾಶ್ಚರ್' ನಮಗೆ ಇಂಗ್ಲಿಷ್ ದಾರಿಯಲ್ಲಿ ಬಂದ ರೂಪ. ಫ್ರೆಂಚ್ ಉಚ್ಚಾರ ಸುಮಾರಾಗಿ 'ಪಸ್ತರ್'. ಬರಹದಲ್ಲಿ 'ಸ್ತ' ಒಂದೇ ಅಕ್ಷರವಾದ್ದರಿಂದ ಕಣ್ಣಿಗೆ ಪ-ಸ್ತರ್ ಎಂದು ಕಾಣುತ್ತದೆ. ಲಘು-ಗುರು ಹಾಕಿದರೆ ಮಾತ್ರ ಒತ್ತಕ್ಷರದ ಹಿಂದಿನ 'ಪ' ಗುರುವಾಗಿ, ಪಸ್-ತರ್ ಎಂಬ ವಿಭಾಗ ಹೊರಬೀಳುತ್ತದೆ. ಫ್ರೆಂಚರ ವಿಭಾಗವೂ ಅದೇ.

ಹಾಗೆಂದು ಛಂದಸ್ಸನ್ನೇ ನೆಚ್ಚುವಂತಿಲ್ಲ. 1878ರಲ್ಲಿ ಫ್ರೆಂಚ್ ಶಸ್ತ್ರವೈದ್ಯ ಸೆದಿಯೊ ಟಂಕಿಸಿದ 'ಮಿಕ್ರೊಬ್' (ಸೂಕ್ಷ್ಮಾಣು) ಪದವನ್ನು ನಮ್ಮ ಪ್ರಸ್ತಾರ ಮಿಕ್-ರೊಬ್ ಎಂದು ಒಡೆದರೆ, ಫ್ರೆಂಚರು ಮಿ-ಕ್ರೊಬ್ ಎನ್ನುತ್ತಾರೆ. ಸ್ಪರ್ಶವ್ಯಂಜನದ ಬೆನ್ನಿಗೆ ರಕಾರ, ಲಕಾರ ಬಂದರೆ ಅವರಲ್ಲಿ ಸಾಮಾನ್ಯವಾಗಿ ಜೋಡಿ ಬೇರ್ಪಡದೆ ಮುಂದಿನ ಸ್ವರಕ್ಕೆ ಸೇರುತ್ತದೆ. ಇಲ್ಲಿ ಲಿಪಿಯೇ ಗೆಲ್ಲುತ್ತದೆ. ಹಳಗನ್ನಡದ ವೈಯಾಕರಣ ಕೇಶಿರಾಜ ಚರ್ಚಿಸಿದ ಶಿಥಿಲದ್ವಿತ್ವ ನೆನಪಾಗುವುದು ಸಹಜ: 'ಅಮರ್ದು' ಎಂಬಲ್ಲಿ 'ಮ' ಲಘುವಾಗಿಯೇ ಉಳಿಯಬಲ್ಲುದು. ಆದರೆ ಹೋಲಿಕೆಯನ್ನು ಎಳೆದಾಡಬಾರದು. ನಮ್ಮಲ್ಲಿ ಸಡಿಲಗೊಳ್ಳುವ ರಕಾರ ಜೋಡಿಯಲ್ಲಿ ಮೊದಲನೆಯದು, ಅವರಲ್ಲಿ ಎರಡನೆಯದು.

ಆಘಾತದ ವಿಷಯದಲ್ಲಿ ಗುರುವನ್ನು ನಂಬಿದರೆ ದಾರಿ ತಪ್ಪುತ್ತದೆ. ಪಸ್-ತರ್ ಎರಡೂ ಗುರು. ಆದರೂ ಒತ್ತು ಬೀಳುವುದು 'ತರ್' ಮೇಲೆ ಮಾತ್ರ. ಗುರು ಅಳೆಯುವುದು ಕಾಲವನ್ನು, ಬಲವನ್ನಲ್ಲ. ಅದಕ್ಕಿಂತ ಮುಖ್ಯವಾಗಿ, ಫ್ರೆಂಚಿನಲ್ಲಿ ಆಘಾತ ಪದದ ಸ್ವಂತ ಆಸ್ತಿಯಲ್ಲ, ಪದಗುಚ್ಛದ್ದು. 'ಲ ಮಿಕ್ರೊಬ್' ಎಂದು ನಿಲ್ಲಿಸಿದರೆ ಒತ್ತು 'ಕ್ರೊಬ್' ಮೇಲೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಕಂಡುಹಿಡಿದ ಪ್ಲೇಗಾಣುವನ್ನು ಒಂದೇ ಉಸಿರಿನಲ್ಲಿ 'ಲ ಮಿಕ್ರೊಬ್ ದ ಲಾ ಪೆಸ್ತ್' ಎಂದರೆ, 'ಕ್ರೊಬ್' ತಗ್ಗಿ ಒತ್ತು ಕೊನೆಯ 'ಪೆಸ್ತ್'ಗೆ ಜಾರುತ್ತದೆ. ಆದ್ದರಿಂದ ಕನ್ನಡದಲ್ಲಿ ಫ್ರೆಂಚ್ ಉಚ್ಚಾರ ಸೂಚಿಸುವವರು ಅಕ್ಷರವಿಭಾಗವನ್ನು ಪದಕ್ಕೆ ಪದವಾಗಿ ಕೊಟ್ಟರೂ, ಆಘಾತದ ಗುರುತನ್ನು ಇಡೀ ಗುಚ್ಛವನ್ನು ಬರೆದ ಮೇಲೆಯೇ ಹಾಕಬೇಕು.